ತಟ್ಟೆಯಲ್ಲಿ ಸತ್ತ ಜೀವಕೋಶ ಇನ್ನೂ ಔಷಧಿಯಲ್ಲ: ನಮ್ಮ ವಿಶ್ವವಿದ್ಯಾಲಯಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಸಂಶೋಧನಾ ವಿಭಾಗಗಳ ಮುಖ್ಯಸ್ಥರಿಗೆ, ಹಾಗೇ ಪತ್ರಿಕಾ ಪ್ರಕಟಣೆ ಬರೆಯುವ ಸಿಬ್ಬಂದಿಗೆ,

ಮಾನ್ಯರೇ, ನಮಸ್ಕಾರ.

ನಾನು ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್. ಡಾಕ್ಟರು ಬರೆದ ಕೀಮೋ ಔಷಧಿಯ ಪ್ರಮಾಣ ಸರಿಯಿದೆಯಾ ಅಂತ ಲೆಕ್ಕ ಹಾಕಿ, ಬೆರೆಸಿ, ಡ್ರಿಪ್ ಬಾಟಲಿಗೆ ತುಂಬಿ ವಾರ್ಡಿಗೆ ಕಳಿಸುವುದು ನನ್ನ ಕೆಲಸ. ಸಂಶೋಧನೆ ನನ್ನ ಕ್ಷೇತ್ರ ಅಲ್ಲ. ಆದರೂ ನಿಮಗೆ ಬರೆಯುತ್ತಿದ್ದೇನೆ. ಯಾಕೆಂದರೆ ನೀವು ಬಿಡುಗಡೆ ಮಾಡುವ ಸುದ್ದಿಗಳು ಕೊನೆಗೆ ಬಂದು ನಿಲ್ಲುವುದು ನಮ್ಮ ಕೌಂಟರ್ ಮುಂದೆ.

ಯಾವ ಸುದ್ದಿ ಅಂತ ನಿಮಗೆ ಗೊತ್ತು. ಯಾವುದೋ ಗಿಡದ ಒಂದು ಅಂಶ ಹಿಡಿದು, ಲ್ಯಾಬಿನಲ್ಲಿ ಅದರ ಹತ್ತಾರು ರೂಪಗಳನ್ನು ತಯಾರಿಸಿ, ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡಿರುತ್ತಾರೆ. ಅದರಲ್ಲಿ ಒಂದೆರಡು ಚೆನ್ನಾಗಿ ಕೆಲಸ ಮಾಡಿರುತ್ತವೆ. ಮಾರನೇ ದಿನ ಪೇಪರಿನಲ್ಲಿ "ಕ್ಯಾನ್ಸರ್‌ಗೆ ಹೊಸ ಔಷಧಿ" ಅಂತ ತಲೆಬರಹ, ಪ್ರಾಧ್ಯಾಪಕರ ಫೋಟೊ. ಪ್ರಯೋಗ ನಡೆದದ್ದು ಪ್ಲಾಸ್ಟಿಕ್ ತಟ್ಟೆಯಲ್ಲಿ ಅನ್ನೋದು ಕೊನೆಯ ಪ್ಯಾರಾದಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ವಾಟ್ಸಾಪಿಗೆ ಹೋಗುವಾಗ ಆ ಪ್ಯಾರಾ ಹೇಗೂ ಕತ್ತರಿಸಿ ಹೋಗುತ್ತದೆ.

ಆ ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ಆಗಬೇಕು. ನನ್ನ ಕೋರಿಕೆ ಇಷ್ಟೇ: ತಟ್ಟೆ, ಇಲಿ, ಮನುಷ್ಯ, ಇವುಗಳಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಅನ್ನೋದನ್ನು ಮೊದಲ ಸಾಲಿನಲ್ಲೇ ಹೇಳಿ. ಮತ್ತು ದಯವಿಟ್ಟು ಮೊದಲ ಮೆಟ್ಟಿಲಲ್ಲೇ ನಿಂತುಬಿಡಬೇಡಿ.

ಇದನ್ನು ಹೇಳಲು ನನಗೆ ಇರಿನೋಟೆಕಾನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಔಷಧಿ ಅದು. ಬೆಳಕು ತಾಗಬಾರದು ಅಂತ ಕಂದು ಬಣ್ಣದ ಸೀಸೆಯಲ್ಲಿ ಬರುತ್ತದೆ. ಒಳಗೆ ತಿಳಿ ಹಳದಿ ದ್ರವ. ಅದನ್ನು ಸಿರಿಂಜಿನಲ್ಲಿ ಎಳೆದು ಡೆಕ್ಸ್‌ಟ್ರೋಸ್ ಬಾಟಲಿಗೆ ಸೇರಿಸಿದರೆ ಸಲೀಸಾಗಿ ಕರಗಿ ಹೋಗುತ್ತದೆ. ಹಾಗೆ ಕರಗುವುದರ ಹಿಂದೆ ಸುಮಾರು ಮೂವತ್ತು ವರ್ಷಗಳ ಕಥೆ ಇದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಲ್ಯಾಬಿನಲ್ಲಿದ್ದ ಮನ್ರೋ ವಾಲ್ ಬೇರೇನೋ ಹುಡುಕಲು ಕೂಡಿಟ್ಟಿದ್ದ ಗಿಡಗಳ ರಸಗಳನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸಿದರು. ಅವುಗಳಲ್ಲಿ ಚೀನಾ ಮೂಲದ ಒಂದು ಮರದ ರಸ ಇಲಿಗಳ ಕ್ಯಾನ್ಸರ್ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಆ ಮರದ ಹೆಸರು ಕ್ಯಾಂಪ್ಟೊಥೆಕಾ. ವಾಲ್ ಆಮೇಲೆ ನಾರ್ತ್ ಕೆರೊಲಿನಾದ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ಅವರ ಜೊತೆಗೂಡಿದವರು ಮನಸುಖ್ ವಾಣಿ. ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ 1925ರಲ್ಲಿ ಹುಟ್ಟಿ, ಮುಂಬೈಯಲ್ಲಿ ಓದಿ ಹೋದವರು. ಇಬ್ಬರೂ ಸೇರಿ 1966ರಲ್ಲಿ ಆ ಮರದ ಅಸಲಿ ಅಂಶ ಯಾವುದು, ಅದರ ರಚನೆ ಹೇಗಿದೆ ಅಂತ ಪ್ರಕಟಿಸಿದರು. ಅದೇ ಕ್ಯಾಂಪ್ಟೊಥೆಸಿನ್. ಐದು ವರ್ಷದ ನಂತರ ಟ್ಯಾಕ್ಸಾಲ್ ಅನ್ನುವ ಇನ್ನೊಂದು ಕೀಮೋ ಔಷಧಿಯ ರಚನೆ ಹೇಳಿದವರೂ ಇವರೇ. ಕೀಮೋ ವಾರ್ಡುಗಳಲ್ಲಿ ಇವರ ಹೆಸರಿನ ಒಂದು ಫೋಟೊ ಕೂಡ ಇಲ್ಲ ನೋಡಿ. ಅದು ಬೇರೆ ಮಾತು ಬಿಡಿ.

ಇಲಿಯಲ್ಲಿ ಕೆಲಸ ಮಾಡಿತು, ರಚನೆಯೂ ಗೊತ್ತಾಯಿತು. ಇವತ್ತಾಗಿದ್ದರೆ ಪತ್ರಿಕಾಗೋಷ್ಠಿ ಗ್ಯಾರಂಟಿ. ಆದರೆ ಅಸಲಿ ತೊಂದರೆ ಶುರುವಾದದ್ದೇ ಆಮೇಲೆ. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದಿಲ್ಲ. ಕರಗದ್ದನ್ನು ರಕ್ತನಾಳಕ್ಕೆ ಬಿಡುವುದು ಹೇಗೆ? ಆ ಅಣುವಿನ ತುದಿಯಲ್ಲಿ ಒಂದು ಉಂಗುರ ಇದೆ. ಕ್ಷಾರ ಹಾಕಿದರೆ ಉಂಗುರ ಬಿಚ್ಚಿಕೊಂಡು ಸೋಡಿಯಂ ಲವಣ ಆಗುತ್ತದೆ, ಆಗ ಕರಗುತ್ತದೆ. ಸರಿ, ಆ ಲವಣವನ್ನೇ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಮೊದಲ ಸುತ್ತಿನಲ್ಲಿ ಕೆಲವರ ಗಡ್ಡೆ ಕುಗ್ಗಿತು. ಮುಂದಿನ ಸುತ್ತಿನಲ್ಲಿ ನಿರಾಸೆ. ಅದಕ್ಕಿಂತ ಕೆಟ್ಟದ್ದು ಅಂದರೆ ಉರಿಮೂತ್ರ, ಮೂತ್ರದಲ್ಲಿ ರಕ್ತ.

ಯಾಕೆ ಹಾಗಾಯಿತು ಅಂತ ಆಮೇಲೆ ಗೊತ್ತಾಯಿತು. ಉಂಗುರ ಮುಚ್ಚಿದ್ದಾಗ ಮಾತ್ರ ಆ ಅಣುವಿಗೆ ಕಸುವು. ಬಿಚ್ಚಿದ ರೂಪ ಗಡ್ಡೆಯ ಹತ್ತಿರ ಹೋಗಿಯೂ ಹೆಚ್ಚೇನೂ ಮಾಡಲಿಲ್ಲ. ಅದೇ ಮೂತ್ರಕೋಶಕ್ಕೆ ಇಳಿದಾಗ, ಅಲ್ಲಿನ ಆಮ್ಲಕ್ಕೆ ಉಂಗುರ ಮತ್ತೆ ಮುಚ್ಚಿಕೊಂಡಿತು. ಬೇಕಾದ ಕಡೆ ಸಪ್ಪೆ, ಬೇಡವಾದ ಕಡೆ ಖಾರ. ಪ್ರಯೋಗ ಅಲ್ಲಿಗೆ ನಿಂತಿತು. ಹತ್ತು ಹನ್ನೆರಡು ವರ್ಷ ಅದನ್ನು ಕೇಳುವವರೇ ಕಡಿಮೆ.

1985ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಲಿರಾಯ್ ಲ್ಯೂ ಅವರ ತಂಡ ಈ ಅಣು ನಿಜಕ್ಕೂ ಎಲ್ಲಿ ಹೋಗಿ ಹಿಡಿಯುತ್ತದೆ ಅಂತ ಕಂಡುಹಿಡಿಯಿತು. ಬಾವಿ ಹಗ್ಗಕ್ಕೆ ಮುರಿ ಜಾಸ್ತಿ ಬಿದ್ದರೆ ಅದು ಗಂಟು ಗಂಟಾಗುತ್ತದಲ್ಲ, ಜೀವಕೋಶ ಎರಡಾಗುವಾಗ ಡಿಎನ್‌ಎಗೂ ಹಾಗೇ ಮುರಿ ಬೀಳುತ್ತದೆ. ಟೋಪೊಐಸೋಮರೇಸ್-1 ಅನ್ನುವ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಮುರಿ ಬಿಡಿಸಿ, ಮತ್ತೆ ಜೋಡಿಸುತ್ತದೆ. ಕತ್ತರಿಸಿದ ಮೇಲೆ ಜೋಡಿಸುವ ಮೊದಲು ಕ್ಯಾಂಪ್ಟೊಥೆಸಿನ್ ನಡುವೆ ಬಂದು ಕೂರುತ್ತದೆ. ಜೋಡಣೆ ಆಗುವುದಿಲ್ಲ. ಎಡೆಬಿಡದೆ ಎರಡಾಗುತ್ತಿರುವ ಕೋಶ ಅಲ್ಲೇ ಸಾಯುತ್ತದೆ. ಕೆಲಸದ ಜಾಗ ಗೊತ್ತಾದ ಮೇಲೆ ರಸಾಯನಶಾಸ್ತ್ರದವರಿಗೆ ಧೈರ್ಯ ಬಂತು. ಅಣುವಿನ ಯಾವ ಮೂಲೆಯನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅಂತ ಲೆಕ್ಕ ಸಿಕ್ಕಿತು.

ಇಷ್ಟರ ಮೇಲೂ ಇಲಿ ಇನ್ನೊಂದು ಮೋಸ ಮಾಡಿತು. ನಮ್ಮ ರಕ್ತದ ಅಲ್ಬುಮಿನ್ ಪ್ರೋಟೀನಿಗೆ ಬಿಚ್ಚಿದ ಉಂಗುರದ ರೂಪ ಅಂದರೆ ತುಂಬ ಇಷ್ಟ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಮತ್ತಷ್ಟು ಉಂಗುರ ಬಿಚ್ಚುವಂತೆ ಮಾಡುತ್ತದೆ. ಇಲಿಯ ಅಲ್ಬುಮಿನ್ ಹಾಗೆ ಹಿಡಿಯುವುದಿಲ್ಲ. ಹಾಗಾಗಿ ಅದೇ ಔಷಧಿ ಇಲಿಯ ಮೈಯಲ್ಲಿ ಕಸುವಿನಿಂದ ಇರುತ್ತದೆ, ನಮ್ಮ ಮೈಯಲ್ಲಿ ಬೇಗ ಸಪ್ಪೆಯಾಗುತ್ತದೆ. ಇಲಿಯಲ್ಲಿ ಗಡ್ಡೆ ಮಾಯ, ಮನುಷ್ಯರಲ್ಲಿ ಅಷ್ಟಕ್ಕಷ್ಟೆ. ಈ ಒಂದು ವ್ಯತ್ಯಾಸ ತಟ್ಟೆಯಲ್ಲಿ ನೋಡಿದರೆ ಎಂದಾದರೂ ಕಾಣುತ್ತಿತ್ತಾ?

ಕೊನೆಗೆ ದಾರಿ ತೋರಿಸಿದ್ದು ತಿದ್ದಿದ ಅಣುಗಳೇ. ಜಪಾನಿನಲ್ಲಿ ಒಂದು ಕಂಪನಿ ಅಣುವಿನ ಒಂದು ಬದಿಗೆ ನೀರಿಗೆ ಒಗ್ಗುವ ಬಾಲ ಅಂಟಿಸಿತು. ದೇಹದೊಳಗೆ ಹೋದ ಮೇಲೆ ಆ ಬಾಲ ಕತ್ತರಿಸಿ ಬಿದ್ದು, ಎಸ್‌ಎನ್-38 ಅನ್ನುವ ಖಾರದ ರೂಪ ಹೊರಬರುತ್ತದೆ. ಅದೇ ಇರಿನೋಟೆಕಾನ್. ಜಪಾನಿನಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಕಂಪನಿ ಯಾವುದು ಗೊತ್ತಾ? ಯಾಕುಲ್ಟ್. ಫ್ರಿಜ್ಜಿನಲ್ಲಿಟ್ಟು ಮಕ್ಕಳಿಗೆ ಕೊಡುವ ಆ ಪುಟ್ಟ ಬಾಟಲಿಯ ಯಾಕುಲ್ಟೇ. ಇನ್ನೊಂದು ತಿದ್ದಿದ ರೂಪ ಟೋಪೊಟೆಕಾನ್. ಅದಕ್ಕೂ 1996ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ, ಅಂಡಾಶಯದ ಕ್ಯಾನ್ಸರ್‌ಗೆ.

ಒಪ್ಪಿಗೆ ಸಿಕ್ಕ ಮೇಲೂ ತಲೆನೋವು ಮುಗಿದಿಲ್ಲ. ಅದನ್ನು ನಾವು ವಾರ್ಡಿನಲ್ಲಿ ದಿನಾ ನೋಡುತ್ತೇವೆ. ಇರಿನೋಟೆಕಾನ್ ಹನಿಯುತ್ತಿರುವಾಗಲೇ ಕೆಲವರಿಗೆ ಬೆವರು ಕಿತ್ತುಕೊಂಡು ಬರುತ್ತದೆ, ಹೊಟ್ಟೆ ಹಿಂಡುತ್ತದೆ. ಅದಕ್ಕೆ ಅಟ್ರೋಪಿನ್ ಪಕ್ಕದಲ್ಲೇ ಇಟ್ಟಿರುತ್ತೇವೆ. ನಿಜವಾದ ಭಯ ಮನೆಗೆ ಹೋದ ಮೇಲಿನ ಭೇದಿ. ನಮ್ಮ ಪಿತ್ತಜನಕಾಂಗ ಎಸ್‌ಎನ್-38ಕ್ಕೆ ಸಕ್ಕರೆಯ ತುಂಡೊಂದನ್ನು ಅಂಟಿಸಿ, ಅದರ ಖಾರ ತೆಗೆದು ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾ ಆ ತುಂಡನ್ನು ಕಿತ್ತು ತಿಂದು, ಖಾರವನ್ನು ಮತ್ತೆ ಹೊರಗೆ ಬಿಡುತ್ತವೆ. ಕರುಳಿನ ಒಳಪದರ ಸುಟ್ಟಂತಾಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ಸಕ್ಕರೆ ಅಂಟಿಸುವ ಶಕ್ತಿ ಕಡಿಮೆ. ಅಂಥವರಿಗೆ ಪೂರ್ತಿ ಪ್ರಮಾಣ ಕೊಟ್ಟರೆ ಬಿಳಿ ರಕ್ತಕಣಗಳು ಪಾತಾಳಕ್ಕೆ ಇಳಿಯುತ್ತವೆ. ಡಿಸ್ಚಾರ್ಜ್ ಮಾಡುವಾಗ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ಕೈಗೆ ಕೊಟ್ಟು, "ಮೊದಲ ಸಲ ತೆಳ್ಳಗಾದ ತಕ್ಷಣ ನುಂಗಿ, ಬೆಳಗಾಗಲಿ ಅಂತ ಕಾಯಬೇಡಿ, ನಮಗೆ ಫೋನ್ ಮಾಡಿ" ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹೆಂಡತಿಗೂ ಹೇಳುತ್ತೇನೆ, ಮಗನಿಗೂ ಹೇಳುತ್ತೇನೆ. ಇಷ್ಟೆಲ್ಲ ಗೊತ್ತಾದದ್ದು ಸಾವಿರಾರು ರೋಗಿಗಳ ಮೇಲೆ ನಡೆದ ಶಿಸ್ತಿನ ಪ್ರಯೋಗಗಳಿಂದ.

ಸೋತ ಅಣುಗಳ ಕಥೆ ಯಾರೂ ಹೇಳುವುದಿಲ್ಲ, ಅಲ್ವಾ? ಕ್ಯಾಂಪ್ಟೊಥೆಸಿನ್‌ನದೇ ಬೇರೆ ರೂಪಗಳು ಎಷ್ಟೋ ಇದ್ದವು. 9-ಅಮಿನೋ ಕ್ಯಾಂಪ್ಟೊಥೆಸಿನ್, ರುಬಿಟೆಕಾನ್, ಲರ್ಟೋಟೆಕಾನ್ ಎಲ್ಲವೂ ರೋಗಿಗಳವರೆಗೆ ಬಂದು ಅಲ್ಲೇ ಬಿದ್ದವು. ತಟ್ಟೆಯಲ್ಲಿ, ಇಲಿಯಲ್ಲಿ ಇವೆಲ್ಲ ಹುಲಿಗಳೇ. ಎಕ್ಸಾಟೆಕಾನ್ ಅನ್ನೋದು ಪೂರ್ತಿ ಲ್ಯಾಬಿನಲ್ಲೇ ಕಟ್ಟಿದ ಅಣು, ಮರದ ಹಂಗಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ ದೊಡ್ಡ ಪ್ರಯೋಗದಲ್ಲಿ ಅದೂ ಸೋತಿತು. ಆದರೆ ಅಲ್ಲಿಗೆ ಬಿಡಲಿಲ್ಲ. ಅದನ್ನು ಮತ್ತಷ್ಟು ತಿದ್ದಿ, ಸ್ತನ ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವ ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಕಟ್ಟಿ ಕಳಿಸಿದರು. ಟ್ರಾಸ್ಟುಝುಮ್ಯಾಬ್ ಡೆರುಕ್ಸ್‌ಟೆಕಾನ್ ಅಂತ ಅದರ ಹೆಸರು. 2019ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೋಲನ್ನು ಸರಿಯಾಗಿ ಬರೆದಿಟ್ಟಿದ್ದರಿಂದ ಅದರ ಮೇಲೆ ಇದನ್ನು ಕಟ್ಟಲು ಆಯಿತು. ಕ್ಯಾನ್ಸರ್‌ಗೆ ಅಂತ ಮನುಷ್ಯರ ಮೇಲೆ ಪ್ರಯೋಗ ಶುರುವಾದ ಔಷಧಿಗಳಲ್ಲೇ ಕೊನೆ ಮುಟ್ಟುವುದು ನೂರಕ್ಕೆ ಐದಾರು ಮಾತ್ರ. ತಟ್ಟೆಯ ಹಂತದಿಂದ ಎಣಿಸಿದರೆ ಲೆಕ್ಕವೇ ಬೇಡ.

ಈಗ ತಟ್ಟೆಗೆ ಬರೋಣ. ನಿಮ್ಮ ಲ್ಯಾಬುಗಳಲ್ಲಿ ದಿನಾ ನಡೆಯುವ ಎಂಟಿಟಿ ಪರೀಕ್ಷೆ ನಿಮಗೆ ಗೊತ್ತಿಲ್ಲದ್ದಲ್ಲ, ಓದುವ ಜನರಿಗಾಗಿ ಹೇಳುತ್ತೇನೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಂಡಿಗಳು. ಪ್ರತಿ ಗುಂಡಿಯಲ್ಲೂ ಕ್ಯಾನ್ಸರ್ ಕೋಶಗಳು. ಅವಕ್ಕೆ ಪರೀಕ್ಷಿಸಬೇಕಾದ ವಸ್ತು ಹಾಕಿ, ಒಂದೆರಡು ದಿನ ಬಿಟ್ಟು, ಹಳದಿ ಬಣ್ಣದ ದ್ರಾವಣ ಸುರಿಯುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆಯಾದಷ್ಟೂ ಕೋಶ ಸತ್ತಿದೆ ಅಂತ ಲೆಕ್ಕ. ಸುಲಭ, ಅಗ್ಗ, ಬೇಗ ಆಗುತ್ತದೆ. ಮೊದಲ ಜರಡಿಯಾಗಿ ಒಳ್ಳೆಯದೇ.

ಆದರೆ ಗಿಡಗಳ ಎಷ್ಟೋ ಅಂಶಗಳು ಕೋಶದ ಸಹಾಯವೇ ಇಲ್ಲದೆ ಆ ಹಳದಿಯನ್ನು ತಾವೇ ನೇರಳೆ ಮಾಡಿಬಿಡುತ್ತವೆ. ಆಗ ಲೆಕ್ಕ ತಲೆಕೆಳಗು. ಇನ್ನು ನೀರಿಗೆ ಒಗ್ಗದ ವಸ್ತುವನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ ತಟ್ಟೆಗೆ ಹಾಕುತ್ತೀರಿ. ವಾಲ್ ಮತ್ತು ವಾಣಿಯವರ ಅಣುವನ್ನು ವರ್ಷಗಟ್ಟಲೆ ಕಾಡಿದ ತೊಂದರೆಯೇ ನೀರಿನಲ್ಲಿ ಕರಗದಿರುವುದು. ತಟ್ಟೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಪ್ರಮಾಣದ ಮಾತು ಇನ್ನೂ ಮುಖ್ಯ. ಎಸ್‌ಎನ್-38 ನ್ಯಾನೋಮೋಲಾರ್ ಮಟ್ಟದಲ್ಲೇ, ಅಂದರೆ ಅತಿ ಕಡಿಮೆ ಪ್ರಮಾಣದಲ್ಲೇ, ಕೋಶ ಕೊಲ್ಲುತ್ತದೆ. ಮೈಕ್ರೋಮೋಲಾರ್ ಅಂದರೆ ಅದರ ಸಾವಿರ ಪಟ್ಟು. ಐವತ್ತು, ನೂರು ಮೈಕ್ರೋಮೋಲಾರ್ ಹಾಕಿದಾಗ ಕೋಶ ಸತ್ತಿತು ಅಂದರೆ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ ಸುರಿದಿದ್ದೀರಿ ಅಂತ. ಅಷ್ಟನ್ನು ಮನುಷ್ಯನ ರಕ್ತದಲ್ಲಿ ನಿಲ್ಲಿಸಲು ಆಗುವುದೇ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಆ ಗುಂಡಿಯ ಕೋಶ ಸಾಯುತ್ತದೆ. ಪಕ್ಕದಲ್ಲಿಟ್ಟ ಆರೋಗ್ಯವಂತ ಕೋಶ ಬದುಕಿತಾ ಅನ್ನೋದೇ ಅಸಲಿ ಪ್ರಶ್ನೆ. ಅದನ್ನು ನೋಡದೆಯೇ ಪ್ರಬಂಧ ಮುಗಿಸಿದ್ದನ್ನೂ ನಾನು ಓದಿದ್ದೇನೆ.

ಅರಿಶಿನದ ಮಾತು ಎತ್ತದೆ ಇರಲು ಆಗುವುದಿಲ್ಲ. ಅದರ ಕರ್ಕ್ಯುಮಿನ್ ಮೇಲೆ, ಅದರ ತಿದ್ದಿದ ರೂಪಗಳ ಮೇಲೆ ಬಂದಷ್ಟು ಪ್ರಬಂಧ ಬೇರೆ ಯಾವ ಅಡುಗೆಮನೆ ಸಾಮಾನಿನ ಮೇಲೂ ಬಂದಿರಲಿಕ್ಕಿಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರದ ಹೆಸರಾಂತ ಪತ್ರಿಕೆಯೊಂದರಲ್ಲಿ ಅದರ ಪೂರ್ತಿ ಜಾತಕ ಬಂತು. 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ಆಗಿದ್ದರೂ, ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ಹುಸಿ ಮಾತ್ರೆಯ ಜೊತೆ ಹೋಲಿಸಿದ ಒಂದೂ ಪ್ರಯೋಗ ಗೆದ್ದಿಲ್ಲ ಅಂತ ಅಲ್ಲಿ ಬರೆದಿದ್ದರು. ಗ್ರಾಂಗಟ್ಟಲೆ ತಿಂದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದೂ ಅಲ್ಲದೆ ಅದು ಬಣ್ಣದ, ಹೊಳೆಯುವ ವಸ್ತು. ಬಣ್ಣ, ಬೆಳಕು ಅಳೆಯುವ ಪರೀಕ್ಷೆಗಳ ದಾರಿ ತಪ್ಪಿಸುವುದರಲ್ಲಿ ಎತ್ತಿದ ಕೈ. ನಾನು ಸಾರಿಗೆ ಅರಿಶಿನ ಹಾಕುವುದನ್ನು ಬಿಟ್ಟಿಲ್ಲ. ಆದರೆ ಕೀಮೋ ಬದಲು ಅದನ್ನು ತಿನ್ನಿ ಅಂತ ಯಾರಿಗೂ ಹೇಳಲಾರೆ.

ನೀವು ಕೇಳಬಹುದು: ಸುದ್ದಿ ಸ್ವಲ್ಪ ಉಬ್ಬಿದರೆ ಯಾರಿಗೇನು ನಷ್ಟ? ಒಂದು ಸಲ ಒಬ್ಬ ಹುಡುಗ ಅಪ್ಪನ ಆಯುಷ್ಮಾನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಮಡಚಿಟ್ಟ ಪೇಪರ್ ತುಂಡು ತೆಗೆದು ಕೌಂಟರ್ ಮೇಲೆ ಹರಡಿದ. "ಮೇಡಂ, ಇದು ನಿಮ್ಮಲ್ಲಿ ಬಂದಿದೆಯಾ? ಬರುವವರೆಗೆ ಅಪ್ಪಂಗೆ ಕೀಮೋ ನಿಲ್ಲಿಸೋಣ ಅಂತ ಮನೆಯಲ್ಲಿ ಮಾತಾಡ್ತಿದ್ದಾರೆ" ಅಂದ. ಓದಿ ನೋಡಿದೆ. ತಟ್ಟೆಯ ಪ್ರಯೋಗ. ಇಲಿಯೂ ಇಲ್ಲ. "ಇದು ಔಷಧಿಯಾಗುವುದಾದರೂ ಹತ್ತು ಹದಿನೈದು ವರ್ಷ ಬೇಕಪ್ಪ" ಅಂದೆ. ಅವನ ಮುಖ ನೋಡಲು ಆಗಲಿಲ್ಲ. "ಮತ್ತೆ ಯೂನಿವರ್ಸಿಟಿಯವರೇ ಹೇಳಿದ್ದಾರಲ್ಲ ಮೇಡಂ?" ಅಂತ ಕೇಳಿದ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ನಿಮ್ಮ ಹತ್ತಿರ ಇದೆ.

ಕ್ಯಾನ್ಸರ್ ಗುಣ ಮಾಡುತ್ತೇವೆ ಅಂತ ಯಾವನಾದರೂ ಜಾಹೀರಾತು ಹಾಕಿದರೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಡಿ ಕೇಸು ಹಾಕಬಹುದು. ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆ ಜಾಹೀರಾತಲ್ಲ, ನಿಜ. ಆದರೆ ಮನೆಯಲ್ಲಿ ರೋಗಿ ಇರುವವರು ಹಾಗೆ ಬೇರೆ ಮಾಡಿ ಓದುತ್ತಾರಾ? ನಿಮ್ಮ ಲಾಂಛನ ಇದ್ದರೆ ಅದಕ್ಕೆ ತೂಕ ಇನ್ನೂ ಜಾಸ್ತಿ.

ಹಾಗಾಗಿ ನನ್ನ ಮನವಿ. ಪ್ರಕಟಣೆಯ ಮೊದಲ ವಾಕ್ಯದಲ್ಲಿ "ಈ ಪ್ರಯೋಗ ಲ್ಯಾಬಿನ ಜೀವಕೋಶಗಳ ಮೇಲೆ ಮಾತ್ರ ನಡೆದಿದೆ, ರೋಗಿಗಳಿಗೆ ಇದು ಇನ್ನೂ ಲಭ್ಯವಿಲ್ಲ" ಅಂತ ಬರೆಯಿರಿ. ಇಲಿಯಾದರೆ ಇಲಿ ಅಂತ ಬರೆಯಿರಿ. ಮನುಷ್ಯರ ಮೇಲೆ ನಡೆಯುತ್ತಿದ್ದರೆ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿಯ ಸಂಖ್ಯೆ ಹಾಕಿ. ನಮ್ಮ ದೇಶದಲ್ಲಿ 2009ರಿಂದ ಪ್ರತಿ ಟ್ರಯಲ್ ಅಲ್ಲಿ ದಾಖಲಾಗಲೇಬೇಕು, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಆ ಸಂಖ್ಯೆ ಇದ್ದರೆ ನಾನೇ ಆ ಹುಡುಗನಿಗೆ ಹುಡುಕಿ ತೋರಿಸುತ್ತಿದ್ದೆ. "ಔಷಧಿ" ಅನ್ನುವ ಪದ ಸದ್ಯಕ್ಕೆ ಬೇಡ, "ಅಣು" ಅಂದರೆ ಸಾಕು.

ಇನ್ನೊಂದು, ದುಡ್ಡಿನ ಮಾತು. ಹೊಸ ಅಣು ತಯಾರಿಸಿ ತಟ್ಟೆಯಲ್ಲಿ ಪರೀಕ್ಷೆ ಮಾಡಿದರೆ ಪಿಎಚ್‌ಡಿ ಸಿಗುತ್ತದೆ. ಅದೇ ಅಣು ನೀರಿನಲ್ಲಿ ಕರಗುತ್ತಾ, ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಪಿತ್ತಜನಕಾಂಗಕ್ಕೆ ಏನು ಮಾಡುತ್ತದೆ ಅಂತ ನೋಡಲು ಹೊರಟರೆ ಅನುದಾನವೂ ಇಲ್ಲ, ಹೆಸರೂ ಇಲ್ಲ. ವಿದ್ಯಾರ್ಥಿ ಪದವಿ ತೆಗೆದುಕೊಂಡು ಹೋದ ಮೇಲೆ ಆ ಅಣು ಫ್ರೀಜರಿನ ಡಬ್ಬಿಯಲ್ಲಿ ಉಳಿಯುತ್ತದೆ. ಹೊಸ ವಿದ್ಯಾರ್ಥಿ ಬಂದು ಹೊಸ ಗಿಡ ಹಿಡಿಯುತ್ತಾನೆ. ಸ್ವಲ್ಪ ದುಡ್ಡನ್ನು ಈ ನೀರಸ ಕೆಲಸಕ್ಕೆ ಅಂತಲೇ ಎತ್ತಿಡಿ. ಸೋತ ಫಲಿತಾಂಶಗಳನ್ನು ಯಾರಾದರೂ ನೋಡುವಂತೆ ಪ್ರಕಟಿಸಿ. ರಸಾಯನಶಾಸ್ತ್ರ ವಿಭಾಗದ ಪಕ್ಕದಲ್ಲೇ ಮೆಡಿಕಲ್ ಕಾಲೇಜು ಇರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಬ್ಬರೂ ಒಂದು ಸಲ ಕೂತು ಕಾಫಿ ಕುಡಿದರೂ ಎಷ್ಟೋ ಅಣುಗಳ ಹಣೆಬರಹ ಮೊದಲೇ ಗೊತ್ತಾಗುತ್ತದೆ.

ಇದರಲ್ಲಿ ನಮ್ಮ ಕಾಡಿನ ಪಾಲೂ ಇದೆ. 1972ರಲ್ಲಿ ಭಾರತದ ರಸಾಯನಶಾಸ್ತ್ರಜ್ಞರಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಇದೇ ಕ್ಯಾಂಪ್ಟೊಥೆಸಿನ್ ಅನ್ನು ಪಶ್ಚಿಮ ಘಟ್ಟದ ಒಂದು ಮರದಲ್ಲಿ ಕಂಡರು. ಮಲೆನಾಡಿನವರಿಗೆ ಅದು ದುರ್ವಾಸನೆ ಮರ. ಹೂ ಬಿಟ್ಟಾಗ ಹತ್ತಿರ ಹೋದವರಿಗೆ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಣಗಿಸಿದ ಕಟ್ಟಿಗೆಯಲ್ಲಿ ಆ ಅಂಶ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಒಂದಿಷ್ಟು ಗ್ರಾಂ ಸಿಗಬೇಕಾದರೂ ಮರ ಕಡಿಯಬೇಕು, ಬೇರು ಕೀಳಬೇಕು. ಹಾಗೆ ಕಡಿದು ಕಡಿದು ಘಟ್ಟದ ಎಷ್ಟೋ ಕಡೆ ಮರವೇ ಅಪರೂಪ ಆಯಿತು. ಇರಿನೋಟೆಕಾನ್‌ಗೆ ಬೇಕಾದ ಮೂಲವಸ್ತು ಇವತ್ತಿಗೂ ಹೆಚ್ಚಾಗಿ ಮರಗಳಿಂದಲೇ ಬರುತ್ತದೆ. ಎಕ್ಸಾಟೆಕಾನ್ ತರಹ ಪೂರ್ತಿ ಲ್ಯಾಬಿನಲ್ಲೇ ಕಟ್ಟುವ ಅಣುಗಳ ಮೇಲೆ ನಿಮ್ಮವರು ಕೆಲಸ ಮಾಡಿದರೆ ರೋಗಿಗೂ ಒಳ್ಳೆಯದು, ಕಾಡಿಗೂ ಒಳ್ಳೆಯದು. ಮರ ನಮ್ಮದು, ಅಣು ತಿದ್ದಿದವರು ಜಪಾನಿನವರು, ಸೀಸೆಗೆ ದುಡ್ಡು ಕೊಡುವವರು ಮತ್ತೆ ನಾವು. ಸುಮ್ನೆ ಹೊಟ್ಟೆ ಉರಿಯಲ್ಲಿ ಹೇಳುತ್ತಿಲ್ಲ. ನಮ್ಮಲ್ಲಿ ಅಣು ಕಟ್ಟಬಲ್ಲ ಕೈಗಳು ಇವೆ ಅಂತ ಗೊತ್ತಿರುವುದಕ್ಕೇ ಹೇಳುತ್ತಿದ್ದೇನೆ.

ಮುಂದಿನ ಪ್ರಕಟಣೆ ಹೊರಗೆ ಹೋಗುವ ಮೊದಲು ಅದರ ಕರಡನ್ನು ನಿಮ್ಮ ಊರಿನ ಒಬ್ಬ ಕ್ಯಾನ್ಸರ್ ವೈದ್ಯರಿಗೋ, ನರ್ಸ್‌ಗೋ, ನನ್ನಂಥ ಫಾರ್ಮಸಿಸ್ಟ್‌ಗೋ ಓದಲು ಕೊಡಿ. ಹತ್ತು ನಿಮಿಷದ ಕೆಲಸ. ಬಿಟ್ಟಿಯಾಗಿ ಮಾಡಿಕೊಡುತ್ತೇವೆ.

ಇತಿ ನಮಸ್ಕಾರಗಳು,
ಕೀಮೋ ಬೆರೆಸುವ ಕೋಣೆಯಿಂದ ಒಬ್ಬ ಫಾರ್ಮಸಿಸ್ಟ್